ಕಣಿವೆ ದಾರಿಗೆ ಕಟ್ಟಿದ ಹಗ್ಗ

ನಮ್ಮ ಕಣಿವೆ ದಾರಿಯಲ್ಲಿ ಗಾಡಿಗಳೇ ಇಲ್ಲವಂತೆ. ಹಾಗಂತ ಯಾರೋ ಬರೆದು ಹಾಕಿದ್ದನ್ನು ಮೊಮ್ಮಗಳು ಮೊಬೈಲಿನಲ್ಲಿ ಓದಿ ಹೇಳಿದಳು. ಎರಡು ಬೆಟ್ಟಗಳ ನಡುವಿನ ರಸ್ತೆ, ಹಾರ್ನ್ ಇಲ್ಲ, ಹೊಗೆ ಇಲ್ಲ, ಜನ ಇಲ್ಲ, ಬರೀ ಹಕ್ಕಿ ಸದ್ದು, ಸೈಕಲ್ ತುಳಿಯುವವರಿಗೆ ಸ್ವರ್ಗ. ಬರೆದವನ ಬಾಯಿಗೆ ಒಂದು ಹಿಡಿ ಹುರುಳಿ ಹೊಟ್ಟು ತುರುಕಬೇಕು ಅನ್ನಿಸಿತು. ಜನ ಇಲ್ಲವಂತೆ. ಹಾಗಾದರೆ ನಾವೇನು ಹುಣಸೆಮರವೇ?

ದೊಡ್ಡಬಳ್ಳಾಪುರ ಬಿಟ್ಟು ನಂದಿ ಬೆಟ್ಟದ ಸಾಲಿನ ಕಡೆ ಬಂದರೆ ನಮ್ಮೂರು. ಊರಿನ ಕೆರೆ ದಾಟಿದ ಮೇಲೆ ಈ ದಾರಿ ಎರಡು ಬೆಟ್ಟಗಳ ಸಂದಿಗೆ ಹತ್ತುತ್ತದೆ. ನಾನು ಮದುವೆಯಾಗಿ ಬಂದಾಗ ಅದು ಎತ್ತಿನ ಗಾಡಿಯ ಜಾಡು. ಮಳೆಗೆ ಗಾಲಿ ಹೂತುಕೊಂಡರೆ ಊರಿನವರೇ ಕಲ್ಲು ಹಾಕಬೇಕು. ನನ್ನ ತಲೆಯ ಮೇಲೆ ಎಷ್ಟು ಮಂಕರಿ ಕಲ್ಲು ಹೋಗಿದೆಯೋ ಲೆಕ್ಕವಿಟ್ಟವರಿಲ್ಲ. ಟಾರು ಬಂದದ್ದು ಮೊನ್ನೆ ಮೊನ್ನೆ.

ಸೈಕಲ್ಲಿನ ಮೇಲೆ ನನಗೆ ಸಿಟ್ಟಿಲ್ಲ. ನಾನೂ ತುಳಿದವಳೇ. ನನ್ನ ಗಂಡನಿಗೆ ಸೊಂಟ ಹಿಡಿದ ವರ್ಷ ಮನೆಯಲ್ಲಿ ರೇಷ್ಮೆ ಹುಳು ನಾಲ್ಕನೇ ಜ್ವರ ಎದ್ದು, ಅಂದರೆ ಕೊನೆಯ ಪೊರೆ ಬಿಟ್ಟು, ಸೊಪ್ಪು ಸೊಪ್ಪು ಅನ್ನುತ್ತಿದ್ದವು. ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಎರಡು ಸಲ ಬಿದ್ದು, ಮೂರನೆಯ ದಿನ ಕ್ಯಾರಿಯರ್ ಮೇಲೆ ಹಿಪ್ಪುನೇರಳೆ ಸೊಪ್ಪಿನ ಮೂಟೆ ಕಟ್ಟಿಕೊಂಡು ಇದೇ ಕಣಿವೆಯಿಂದ ಇಳಿದು ಬಂದೆ. ಊರು ನಕ್ಕಿತು. ಹುಳು ಬದುಕಿದವು. ಆಗ ನನಗೋಸ್ಕರ ಯಾರೂ ದಾರಿ ಖಾಲಿ ಮಾಡಿಸಲಿಲ್ಲ. ಎದುರಿಗೆ ಎತ್ತಿನ ಗಾಡಿ ಬಂದರೆ ನಾನೇ ಇಳಿದು ಬೇಲಿಗೆ ಒರಗುತ್ತಿದ್ದೆ.

ಈಗ ಬೆಂಗಳೂರಿನಿಂದ ಒಬ್ಬ ಬರುತ್ತಾನೆ, ಸೈಕಲ್ ಟೂರು ಮಾಡಿಸುವವನು. ಮೊಬೈಲಿನಲ್ಲಿ ಹಾಗೆ ಬರೆದು ಹಾಕಿದವನೂ ಇವನೇ ಅಂತ ಆಮೇಲೆ ಗೊತ್ತಾಯಿತು. ಭಾನುವಾರ ಭಾನುವಾರ ಇಪ್ಪತ್ತು ಮೂವತ್ತು ಜನರನ್ನು ಕಣಿವೆಯ ಆ ಕಡೆಯಿಂದ ಹತ್ತಿಸಿ ಈ ಕಡೆ ನಮ್ಮೂರಿಗೆ ಇಳಿಸುತ್ತಾನೆ. ಅವರು ಬರುವ ಹೊತ್ತಿಗೆ ಗಾಡಿ ಅಡ್ಡ ಬರಬಾರದೆಂದು ದಾರಿಯ ಎರಡು ತುದಿಗೂ ಹಗ್ಗ ಕಟ್ಟುತ್ತಾರೆ. ಊರಿನ ಪರವಾಗಿ ಒಪ್ಪಿಕೊಂಡವನು ನನ್ನ ಮೈದುನನ ಮಗ, ಪಂಚಾಯಿತಿ ಮೆಂಬರು. ಅವನನ್ನು ಕೇಳಿದೆ.

"ಹತ್ತು ಗಂಟೆ ತಂಕ ಮಾತ್ರ ಕಣ್ ದೊಡ್ಡಮ್ಮ. ಸ್ಕೂಲಿಗೆ ಎರಡು ಫ್ಯಾನು ಹಾಕ್ಸಿ ಕೊಟ್ಟವ್ರೆ."

"ಅದ್ರಲ್ಲೊಂದು ಬಿಚ್ಚಿ ನಿನ್ನ ತಲೆ ಮೇಲೆ ಹಾಕ್ಕೊ. ಒಳಕ್ಕೆ ಒಸಿ ಗಾಳಿ ಆಡ್ಲಿ."

"ನಮ್ಮೂರಿಗೆ ಹೆಸ್ರು ಬರ್ತದೆ."

"ಊರಿಗೆ ಹೆಸರಿಲ್ದೆ ಇಷ್ಟು ದಿನ ಪೋಸ್ಟು ಯಾವೂರಿಗೆ ಬರ್ತಿತ್ಲಾ?"

ನಕ್ಕು ಹೋದ. ನನ್ನ ಮಾತಿಗೆ ನಗುವುದು ಅವನಿಗೆ ಚಿಕ್ಕಂದಿನಿಂದ ಅಭ್ಯಾಸ. ಕೇಳುವುದು ಅಭ್ಯಾಸವಿಲ್ಲ.

ಈ ಸಲ ಎರಡು ಎಕರೆಗೆ ಹುರುಳಿ ಹಾಕಿದ್ದೆ. ವರ್ಷದ ಸಾರಿಗೆ ಕಾಳು, ಎರಡು ಹಸುವಿಗೆ ಹೊಟ್ಟು, ಎಲ್ಲ ಅದೇ. ಕಿತ್ತು ಒಣಗಿಸಿ ಮೆದೆ ಹಾಕಿದ್ದಾಯಿತು. ಮೊದಲು ಮನೆಗೊಂದು ಕಣ ಇತ್ತು, ಸಗಣಿ ಸಾರಿಸಿ ಎತ್ತು ಕಟ್ಟಿ ಕಲ್ಲು ಉರುಳಿಸುತ್ತಿದ್ದೆವು. ಈಗ ಕಣ ಇದ್ದ ಜಾಗದಲ್ಲಿ ಎಲ್ಲರದ್ದೂ ಶೀಟಿನ ಮನೆ. ಅದಕ್ಕೇ ರಾಗಿ, ಹುರುಳಿ ಎಲ್ಲ ರಸ್ತೆಯ ಮೇಲೆ ಹರಡುತ್ತೇವೆ, ಓಡಾಡುವ ಗಾಡಿಗಳ ಚಕ್ರವೇ ಒಕ್ಕಣೆ ಮಾಡುತ್ತದೆ. ತಪ್ಪು ಅಂತ ಪೊಲೀಸರು ಹೇಳುತ್ತಾರೆ. ಗೊತ್ತು. ಬೇರೆ ಜಾಗ ಎಲ್ಲಿದೆ ಅಂತ ಮಾತ್ರ ಹೇಳುವುದಿಲ್ಲ.

ಆ ಶನಿವಾರ ಮಧ್ಯಾಹ್ನ ಮೂಡಲಿಂದ ಮದ್ರಾಸ್ ಕಡೆಯ ಮೋಡ ಏಳುತ್ತಿತ್ತು. ಒಣಗಿದ ಹುರುಳಿ ನೆನೆದರೆ ಒಂದೇ ದಿನಕ್ಕೆ ಕಪ್ಪಾಗುತ್ತದೆ, ಮೂರನೆಯ ದಿನಕ್ಕೆ ಮೊಳಕೆ. ಮೊಮ್ಮಗಳೂ ನಾನೂ ಸೇರಿ ಇಳಿಜಾರು ಮುಗಿದು ದಾರಿ ನೆಟ್ಟಗಾಗುವ ಕಡೆ ಮೆದೆಯನ್ನು ಎಳೆದು ಹರಡಿದೆವು. ಸಂಜೆಯ ತನಕ ಟ್ರ್ಯಾಕ್ಟರುಗಳು ಹಾದವು, ಅರ್ಧ ಕಾಳು ಉದುರಿತು. ಬೆಳಿಗ್ಗೆ ಮಗುಚಿ ಹಾಕಿದರೆ ಉಳಿದದ್ದೂ ಆಗುತ್ತದೆ ಅಂದುಕೊಂಡೆ.

ಬೆಳಿಗ್ಗೆ ಹೋಗಿ ನೋಡಿದರೆ ಹಗ್ಗ. ಹುರುಳಿಗಿಂತ ಈಚೆ, ಊರಿನ ಕಡೆಗೆ, ನೀಲಿ ನೈಲಾನ್ ಹಗ್ಗವನ್ನು ಈ ಕಡೆಯ ಹೊಂಗೆಮರದಿಂದ ಆ ಕಡೆಯ ಕರೆಂಟು ಕಂಬಕ್ಕೆ ಬಿಗಿದಿದ್ದರು. ಅದರ ಹಿಂದೆ ಮೂರು ಟ್ರ್ಯಾಕ್ಟರು, ಒಂದು ಹಾಲಿನ ಟೆಂಪೊ. ಡ್ರೈವರುಗಳು ಮೋರಿಯ ಕಟ್ಟೆಯ ಮೇಲೆ ಕೂತು ಬೀಡಿ ಸೇದುತ್ತಿದ್ದರು.

"ದಾಟ್ರೋ," ಅಂದೆ.

"ಮೆಂಬರು ಬೈತಾರೆ ಅಜ್ಜಿ."

"ಮೀಸೆ ಯಾಕ್ರೋ ಬಿಟ್ಟಿದ್ದೀರಿ, ಬೋಳಿಸ್ಕೊಳ್ಳಿ."

ನಕ್ಕರು. ಯಾರೂ ಏಳಲಿಲ್ಲ. ಮೋಡ ಬೆಟ್ಟದ ನೆತ್ತಿಗೆ ಬಂದಿತ್ತು.

ಆಗ ನಾನು ಒಂದು ತಪ್ಪು ಮಾಡಿದೆ. ಗಾಡಿ ಬಿಡದಿದ್ದರೆ ಬೇಡ, ಮೂವತ್ತು ಸೈಕಲ್ಲು ಬರುತ್ತವಲ್ಲ, ಅರವತ್ತು ಚಕ್ರ, ಅವೇ ತುಳಿಯಲಿ ಅಂದುಕೊಂಡೆ. ಹುರುಳಿಯನ್ನು ಮಗುಚಿ, ಸಂದಿಲ್ಲದ ಹಾಗೆ ರಸ್ತೆಯ ತುಂಬ ಇನ್ನೂ ದಪ್ಪಗೆ ಹರಡಿದೆ. ಮೊಮ್ಮಗಳು ಬೇಡ ಅಂದಳು. "ಅಜ್ಜಿ, ಆ ಸೈಕಲ್ ಟೈರು ಬೆರಳಷ್ಟು ದಪ್ಪ ಅಷ್ಟೆ, ಜಾರ್ತಾರೆ." ಬಾಯಿ ಮುಚ್ಚೆ ಅಂದೆ. ಸೊಪ್ಪು ಹೊತ್ತು ಸೈಕಲ್ ತುಳಿದವಳಿಗೆ ಅಷ್ಟು ಗೊತ್ತಿರಬೇಕಿತ್ತು. ಸಿಟ್ಟು ಬಂದಾಗ ಗೊತ್ತಿರುವುದೂ ಮರೆಯುತ್ತದೆ.

ಬಂದರು. ಮುಂದಿನವರು ದೂರದಿಂದ ನೋಡಿ ಇಳಿದರು, ಸೈಕಲ್ ಎತ್ತಿಕೊಂಡು ದಾಟಿದರು. ಒಬ್ಬ ನನ್ನ ಫೋಟೋ ತೆಗೆದ. ಅವನಿಗೆ ನಾನು ಬೆಟ್ಟದ ಜೊತೆ ಬಂದ ಸಾಮಾನು. ಹಿಂದಿನಿಂದ ಒಂದು ಹುಡುಗಿ ಇಳಿಜಾರಿನಲ್ಲಿ ತಲೆ ಬಗ್ಗಿಸಿಕೊಂಡು ಜೋರಾಗಿ ಬಂದಳು. ಚಕ್ರ ಹುರುಳಿಗೆ ಹತ್ತಿದ್ದೇ ತಡ, ಕಾಳು ಉರುಳಿ, ಸೈಕಲ್ ಒಂದು ಕಡೆ, ಅವಳು ಒಂದು ಕಡೆ. ಮೊಣಕೈ ಚರ್ಮ ಕಿತ್ತು ಬಂತು, ಮಣಿಕಟ್ಟು ನೋಡುನೋಡುತ್ತಲೇ ಊದಿತು.

ಟೂರಿನವನು ಓಡಿ ಬಂದ. ಹುಡುಗಿಯ ಹತ್ತಿರಕ್ಕಲ್ಲ, ನನ್ನ ಹತ್ತಿರಕ್ಕೆ.

"ಏನಮ್ಮಾ ಇದು? ಇದು ಟ್ರಾಫಿಕ್ ಇಲ್ಲದ ರೋಡು ಅಂತ ಗೊತ್ತಿಲ್ವಾ ನಿಮ್ಗೆ?"

"ಇಲ್ಲದಂಗೆ ಮಾಡಿರೋನು ನೀನು. ಅಲ್ನೋಡು, ಹಗ್ಗದ ಹಿಂದೆ ನಿಂತವಲ್ಲ, ಅದೇ ನಮ್ಮ ಟ್ರಾಫಿಕ್ಕು."

"ಪರ್ಮಿಷನ್ ತಗೊಂಡಿದೀವಿ."

"ನನ್ನ ಹತ್ರ ತಗೊಂಡ್ಯಾ? ಕಲ್ಲು ಹೊತ್ತೋರ ಹತ್ರ ತಗೊಂಡ್ಯಾ?"

ಅಷ್ಟರಲ್ಲಿ ಹುಡುಗಿಯೇ ಹಲ್ಲು ಕಚ್ಚಿಕೊಂಡು ಅವನಿಗೆ ಅಂದಳು: "ಸರ್, ಇಲ್ಲಿ ಯಾರೂ ಇರಲ್ಲ, ಯಾರೂ ಯೂಸ್ ಮಾಡಲ್ಲ ಅಂತ ನೀವು ತಾನೇ ಹೇಳಿದ್ದು? ಇವ್ರ ಬೆಳೆ ಇದೆಯಲ್ಲ ಇಲ್ಲಿ!" ಅವನು ಫೋನು ತೆಗೆದು ಯಾರಿಗೋ ಮಾಡತೊಡಗಿದ. ಅವರ ಜೀಪು ಕಣಿವೆಯ ಆ ತುದಿಯಲ್ಲಿ, ಅವರೇ ಕಟ್ಟಿದ ಆ ಹಗ್ಗದಾಚೆ ನಿಂತಿತ್ತು. ಸಿಗ್ನಲ್ ಸಿಗಲಿಲ್ಲ. ನಮ್ಮ ಕಣಿವೆಯಲ್ಲಿ ಹಕ್ಕಿ ಸದ್ದು ಮಾತ್ರ ಸಿಗುತ್ತದೆ, ಅವನೇ ಬರೆದ ಹಾಗೆ.

ನಾನು ಹುಡುಗಿಯ ಪಕ್ಕ ಕೂತೆ. "ನೀನು ಬಿದ್ದಿದ್ದು ನನ್ನಿಂದ ಕಣಮ್ಮ. ತಪ್ಪು ನಂದು," ಅಂದೆ. "ಪರವಾಗಿಲ್ಲ ಅಜ್ಜಿ," ಅಂದಳು. ಪರವಾಗಿತ್ತು. ಅವಳ ಕಣ್ಣಲ್ಲಿ ನೀರು ತುಂಬಿತ್ತು. ಆ ಕೈಯನ್ನು ನೋಡಿದ ಮೇಲೆ ನನಗೆ ನನ್ನ ಮೇಲೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ. ಅವನ ಮೇಲಿನದ್ದೂ ಇಳಿದಿಲ್ಲ. ಒಂದು ಇದೆ ಅಂತ ಇನ್ನೊಂದನ್ನು ನಾನು ಬಿಡುವವಳಲ್ಲ.

ಎದ್ದು ಹೋಗಿ ಕುಡುಗೋಲಿನಿಂದ ಹಗ್ಗವನ್ನು ಎರಡೂ ಕಡೆ ಕೊಯ್ದೆ. ಮೆಂಬರು ಅಷ್ಟು ಹೊತ್ತಿಗೆ ಬೈಕಿನಲ್ಲಿ ಬಂದ.

"ದೊಡ್ಡಮ್ಮ, ಮಾನ ಹೋಯ್ತಲ್ಲ!"

"ಹೋಗಿದ್ರೆ ಆಮೇಲೆ ಹುಡುಕ್ಕೊ. ಮೊದ್ಲು ಈ ಮಗೀನ ಟೆಂಪೊ ಹತ್ಸು."

ಹಾಲಿನ ಟೆಂಪೊದ ಮುಂದಿನ ಸೀಟಿನಲ್ಲಿ ಅವಳನ್ನು ಕೂರಿಸಿ ದೊಡ್ಡಬಳ್ಳಾಪುರದ ಆಸ್ಪತ್ರೆಗೆ ಕಳಿಸಿದೆವು. ಟೂರಿನವನು ಹಿಂದೆ ಕ್ಯಾನುಗಳ ನಡುವೆ ಕುಕ್ಕರುಗಾಲಿನಲ್ಲಿ ಕೂತು ಹೋದ. ಗಾಡಿಯೇ ಬೇಡ ಅಂದವನು.

ಆಮೇಲೆ ಮೀಸೆಯವರಿಗೆ ಧೈರ್ಯ ಬಂತು. ಮೂರು ಟ್ರ್ಯಾಕ್ಟರುಗಳು ಹುರುಳಿಯ ಮೇಲೆ ಹಿಂದಕ್ಕೂ ಮುಂದಕ್ಕೂ ಓಡಿದವು. ಗುಡಿಸಿ, ತೂರುವುದಕ್ಕೂ ಹೊತ್ತಿಲ್ಲದೆ ಹೊಟ್ಟು ಸಮೇತ ಮೂಟೆಗೆ ತುಂಬುತ್ತಿರುವಾಗಲೇ ಹನಿ ಬಿತ್ತು. ಮುಕ್ಕಾಲು ಪಾಲು ಮನೆ ಸೇರಿತು. ಉಳಿದ ಕಾಲು ಚರಂಡಿಗೆ ಹರಿಯಿತು. ಹಗ್ಗ ಇಲ್ಲದಿದ್ದರೆ ಬೆಳಿಗ್ಗೆ ಎಂಟಕ್ಕೆಲ್ಲ ಪೂರ್ತಿ ಮುಗಿದಿರುತ್ತಿತ್ತು. ವಾರದಲ್ಲಿ ರಸ್ತೆಯ ಎರಡೂ ಅಂಚಿಗೆ ಹುರುಳಿ ಹಸಿರಾಗಿ ಮೊಳೆತು ನಿಂತಿತು. ಅದನ್ನೂ ಯಾರೋ ಫೋಟೋ ತೆಗೆದಿರುತ್ತಾರೆ.

ಹುಡುಗಿಯ ಮಣಿಕಟ್ಟಿನಲ್ಲಿ ಸಣ್ಣ ಬಿರುಕಂತೆ, ಪಟ್ಟಿ ಹಾಕಿದರಂತೆ. ಟೆಂಪೊದವನಿಂದ ಕೇಳಿ ತಿಳಿದುಕೊಂಡೆ.

ಮುಂದಿನ ಶನಿವಾರ ಸಂಜೆ ಮೈದುನನ ಮಗ ಬಾಗಿಲಿಗೆ ಬಂದು ನಿಂತ. ನಾಳೆ ಮತ್ತೆ ಅವರು ಬರುತ್ತಾರಂತೆ. ನಾನು ಹಗ್ಗ ಕೊಯ್ದದ್ದು ಅವನಿಗೆ ಗೊತ್ತು. ಕೊಯ್ದದ್ದನ್ನು ಸುತ್ತಿ ಮನೆಗೆ ತಂದದ್ದೂ ಗೊತ್ತು.

"ಆ ಹಗ್ಗ ಕೊಡು ದೊಡ್ಡಮ್ಮ. ಗಂಟು ಹಾಕ್ಕೋತೀನಿ."

ಕೊಟ್ಟಿಗೆಯ ಕಡೆ ಕೈ ತೋರಿಸಿದೆ. ಹಗ್ಗದ ತುದಿಯಲ್ಲಿ ಕಡಸು ಇತ್ತು, ಒದೆಯುವ ಜಾತಿಯದ್ದು. ಹಳೆಯ ಹಗ್ಗಗಳನ್ನೆಲ್ಲ ಕಿತ್ತುಕೊಂಡು ಓಡುತ್ತಿದ್ದದ್ದು ಇದಕ್ಕೆ ಬಗ್ಗಿತ್ತು.

"ಬಿಚ್ಕೊಂಡು ಹೋಗು," ಅಂದೆ.

ಸ್ವಲ್ಪ ಹೊತ್ತು ಅದರ ಹಿಂಗಾಲು ನೋಡುತ್ತ ನಿಂತಿದ್ದು, ಬರಿಗೈಲಿ ಹೋದ.