ಗೋಡೆ ತಟ್ಟುವ ಗೌಂಡಿ

ಐರೋಲಿಯ ನಮ್ಮ ಫ್ಲ್ಯಾಟಿನ ಹಾಲ್ ದೊಡ್ಡದು ಮಾಡಲು ಬಂದಿದ್ದ ಗೌಂಡಿ ವಿಜಯಪುರದ ಕಡೆಯವರು. ಯಾವ ಗೋಡೆ ಕಂಡರೂ ಕಿವಿಯಿಟ್ಟು, ಬೆರಳ ಗಿಣ್ಣಿನಿಂದ ತಟ್ಟಿ, ಕಣ್ಣು ಮುಚ್ಚಿ ಕೇಳುವರು. ಆಮೇಲೆ ಅದೇ ಮಾತು: "ಭಾರ ಹೊರೂದು ಕಂಬ ರೀ. ಗ್ವಾಡಿ ಬರೇ ಪರದಾ."

ಹಾಲಿಗೂ ಅಡುಗೆಮನೆಗೂ ನಡುವೆ ಒಡೆಯಬೇಕಿದ್ದ ಗೋಡೆಗೂ ಅದೇ ತೀರ್ಪಾಯಿತು. ಆದರೆ ಮೊದಲ ದಿನವೇ ಸುತ್ತಿಗೆ ಎತ್ತುವ ಪದ್ಧತಿ ಅವರಿಗಿರಲಿಲ್ಲ. ಮನೆಯವರು ಎಲ್ಲಿ ಓಡಾಡುತ್ತಾರೆ, ಎಲ್ಲಿ ಕೂರುತ್ತಾರೆ ಎಂದು ಚಹಾ ಕುಡಿಯುತ್ತ ನೋಡುತ್ತಿದ್ದರು. ನನಗೆ ಸಿಟ್ಟು ಬಂತು. ನಾನು ಆಫೀಸಿಗೆ ರಜೆ ಹಾಕಿದ್ದು ಇವರು ಚಹಾ ಕುಡಿಯುವುದನ್ನು ನೋಡಲಿಕ್ಕೇ?

ಸಂಜೆ ಅಮ್ಮ ಎಂದಿನಂತೆ ಅದೇ ಗೋಡೆಗೆ ಬೆನ್ನು ಕೊಟ್ಟು ನೆಲದಲ್ಲಿ ಕುಳಿತು ಬಸಳೆ ಬಿಡಿಸತೊಡಗಿದರು. ಗೌಂಡಿ ಸೀಮೆಸುಣ್ಣ ಹಿಡಿದು ಎದ್ದರು. "ಅವ್ವಾರ, ಹಂಗ ಕೂತಿರ್ರಿ," ಎಂದು ಅವರ ತಲೆಗಿಂತ ತುಸು ಮೇಲೆ ಉದ್ದಕ್ಕೆ ಗೆರೆ ಎಳೆದರು.

ಮರುದಿನ ಆ ಗೆರೆಯಿಂದ ಮೇಲಿನದನ್ನಷ್ಟೇ ಒಡೆದರು. ಹಾಲಿಗೆ ಧಾರಾಳ ಬೆಳಕು ಬಂತು.

"ಗೋಡೆ ಬರೀ ಪರದೆ ಅಂತ ನೀವೇ ಹೇಳಿದ್ದಲ್ವಾ ಮಾರಾಯ್ರೆ? ಅರ್ಧ ಯಾಕೆ ಬಿಟ್ರಿ?" ಎಂದೆ.

ಅಮ್ಮ ಆಗಲೇ ಅದಕ್ಕೆ ಒರಗಿ ಕೂತಿದ್ದರು. ಗೌಂಡಿ ಅವರತ್ತ ನೋಡಿ ನಕ್ಕರು.

"ಇದು ಭಾರ ಹೊತ್ತೈತ್ರಿ."