ಅತ್ತೆಯ ಏಡಿ ಸಾರು

ಮೊನ್ನೆ ಕಣ್ಣಿನ ಪೊರೆ ತೆಗೆಸಲು ಸಾಗರದ ಆಸ್ಪತ್ರೆಗೆ ಹೋಗಿದ್ದೆ. ನರ್ಸ್ ಹುಡುಗಿ, "ಅಜ್ಜೀ, ಅಲರ್ಜಿ ಏನಾದ್ರೂ ಇದ್ಯಾ?" ಎಂದಳು. "ಏಡಿ" ಎಂದೆ. ಅವಳಿಗೆ ನಗು ತಡೆಯಲಾಗಲಿಲ್ಲ. "ಇಲ್ಲಿ ಏಡಿ ಕೊಡಲ್ಲ ಬಿಡಿ" ಎಂದಳು. ನಾನೂ ನಕ್ಕೆ. ಆದರೆ ನೀವು ನಂಬಬೇಕು, ಇಪ್ಪತ್ತು ತುಂಬುವ ಮೊದಲೇ ಈ ಏಡಿಯ ದೆಸೆಯಿಂದ ನಾನು ಹೋಗಿಬಿಡುತ್ತಿದ್ದೆ. ಅದೂ ಯಾರದೋ ದ್ವೇಷಕ್ಕಲ್ಲ, ಪ್ರೀತಿಗೆ.

ಲಿಂಗನಮಕ್ಕಿ ಅಣೆಕಟ್ಟು ಏಳುತ್ತಿದ್ದ ಕಾಲ ಅದು. ಕಾರ್ಗಲ್ ಹತ್ತಿರದ ಹಳ್ಳಿಗೆ ಸೊಸೆಯಾಗಿ ಬಂದೆ. ಹೊಸನಗರದ ಕಡೆಯ ನನ್ನ ತವರಲ್ಲಿ ಮೀನು ತಿನ್ನುತ್ತಿದ್ದರೂ ಏಡಿ ಒಲೆ ಏರುತ್ತಿರಲಿಲ್ಲ. ಅಪ್ಪನಿಗೆ ಅದರ ಕಾಲು ಕಂಡರಾಗದು. ಅತ್ತೆಗೋ ಏಡಿಯೇ ವೈದ್ಯ. ನೆಗಡಿಗೆ ಏಡಿ ಸಾರು, ಸೊಂಟ ನೋವಿಗೆ ಏಡಿ ಸಾರು, ಬಾಣಂತಿಗಂತೂ ಕೇಳುವುದೇ ಬೇಡ. ಗದ್ದೆ ಅಂಚಿನ ಬಿಲಕ್ಕೆ ಕೈ ಹಾಕಿ ಹಿಡಿದು, ಕಲ್ಲಿನಲ್ಲಿ ಜಜ್ಜಿ, ರಸ ಸೋಸಿ, ಕಾಳುಮೆಣಸು ಬೆಳ್ಳುಳ್ಳಿ ಹಾಕಿ ಕುದಿಸುತ್ತಿದ್ದರು. ಮೊದಲ ಸಲ ಕುಡಿದಾಗ ನಾನು ಹೊಸ ಸೊಸೆಯೆಂಬ ನಾಚಿಕೆಯನ್ನೂ ಬಿಟ್ಟು ಇನ್ನೊಂದು ಲೋಟ ಕೇಳಿದ್ದೆ.

ಮುಂದಿನ ಸಲ ತುಟಿ ತುರಿಸಿತು. ಮೈಮೇಲೆಲ್ಲ ಕೆಂಪು ದದ್ದು ಎದ್ದವು. "ಪಿತ್ತದ ಗಂಧೆ, ಹೆದರ್ಬೇಡ" ಎಂದ ಅತ್ತೆ ಕಂಬಳಿಯಲ್ಲಿ ಮೈ ಉಜ್ಜಿ, ಮುರುಗಲು ಹುಳಿಯ ಪಾನಕ ಕುಡಿಸಿದರು. ಸಂಜೆಗೆ ಇಳಿಯಿತು. ಗಂಧೆಗೆ ನಮ್ಮಲ್ಲಿ ಇದಕ್ಕಿಂತ ಮೇಲಿನ ಮದ್ದಿಲ್ಲ. ಇಳಿದ ಮೇಲೆ ಎದ್ದದ್ದು ಯಾಕೆಂದು ಯಾರು ಕೇಳುತ್ತಾರೆ?

ಸೊಸೆ ಸೊರಗಿದಳೆಂದು ಅತ್ತೆಗೆ ಚಿಂತೆ. ಎರಡು ದಿನ ಬಿಟ್ಟು ಗಟ್ಟಿಯಾದ ಏಡಿ ಸಾರು ತಂದು ಎದುರಿಗೆ ಕೂತರು. "ಕುಡಿ ಮಗಾ, ಮೈಯಲ್ಲಿ ಶಕ್ತಿ ಇಲ್ದಿದ್ರೆ ಪಿತ್ತ ಮತ್ತೆ ಏರ್ತದೆ." ವಿಧೇಯ ಸೊಸೆ, ತಳ ಕಾಣುವಂತೆ ಕುಡಿದೆ. ಲೋಟ ಕೆಳಗಿಡುವಷ್ಟರಲ್ಲಿ ನಾಲಿಗೆ ದಪ್ಪವಾಯಿತು, ಗಂಟಲು ಕಟ್ಟಿತು, ಉಸಿರು ಎಳೆದರೂ ಒಳಗೆ ಹೋಗದು. ಅತ್ತೆ ಮತ್ತೆ ಕಂಬಳಿ ತಂದು ಮೈ ಉಜ್ಜತೊಡಗಿದ್ದು ನೆನಪಿದೆ. ನಮ್ಮನೆಯವರು ರಸ್ತೆಗೆ ಓಡಿ, ಅಣೆಕಟ್ಟಿಗೆ ಕಲ್ಲು ಹೊರುವ ಲಾರಿಯೊಂದನ್ನು ಅಡ್ಡಗಟ್ಟಿ, ನನ್ನನ್ನು ಎತ್ತಿ ಹಾಕಿ, ಅತ್ತೆಯನ್ನೂ ಹತ್ತಿಸಿಕೊಂಡು ಕಾರ್ಗಲ್ಲಿನ ದವಾಖಾನೆಗೆ ಒಯ್ದರು.

ಡಾಕ್ಟರು ತೊಡೆಗೆ ಸೂಜಿ ಚುಚ್ಚಿದರು. ಉಸಿರು ಸಲೀಸಾದ ಮೇಲೆ ಅತ್ತೆಯ ಕಡೆ ತಿರುಗಿದರು. "ಏನು ತಿಂದಿದ್ಲು?"

"ಎಂತೂ ಇಲ್ಲ ಸ್ವಾಮಿ, ಬರೀ ಏಡಿ ಸಾರು. ಗಂಧೆ ಎದ್ದು ಸೊರಗಿದ್ಲು ಅಂತ ಕೊಟ್ಟೆ."

"ಗಂಧೆ ಏಳೋಕೆ ಮುಂಚೆ?"

"ಅದೂ... ಏಡೀನೇ."

"ಒಬ್ಬೊಬ್ಬರ ಮೈಗೆ ಒಂದೊಂದು ಒಗ್ಗಲ್ಲಮ್ಮ. ನಿಮ್ಮ ತಪ್ಪಲ್ಲ. ಆದ್ರೆ ಇನ್ನು ಏಡಿ, ಸಿಗಡಿ ಈಕೆ ಮುಟ್ಟಬಾರದು. ಬೇಯೋವಾಗ ಅದರ ಆವೀನೂ ಬೇಡ."

ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಷ್ಯ ಎನ್ನುತ್ತಾರೆ. ನನಗೆ ಆಯುಷ್ಯ ಬಂತು, ಅತ್ತೆಯ ನಿದ್ದೆ ಹೋಯಿತು. ಎಷ್ಟೋ ದಿನ ನಾನು ಮಲಗಿದಾಗ ಮೂಗಿನ ಹತ್ತಿರ ಕೈ ಹಿಡಿದು ನೋಡುತ್ತಿದ್ದರು. ಸಾರಿನ ಮಡಕೆಯನ್ನು ಹಿತ್ತಲಲ್ಲಿ ಒಡೆದರು. ಮತ್ತೆ ಆ ಮನೆಯಲ್ಲಿ ಏಡಿ ಬೇಯಲಿಲ್ಲ. ನನ್ನಿಂದಾಗಿ ಎಲ್ಲರಿಗೂ ತಪ್ಪಿತಲ್ಲ ಎಂದು ಪೇಚಾಡಿದರೆ, "ನಂಗೂ ಅಷ್ಟೇನ್ ಸೇರ್ತಿರ್ಲಿಲ್ಲ ಮಾರಾಯ್ತಿ" ಎಂದರು. ನಾನು ಪೆದ್ದಿ, ನಂಬಿದೆ.

ಅವರು ತೀರಿಕೊಂಡ ವರ್ಷ ಹಿರಿಯರ ಹಬ್ಬಕ್ಕೆ ನಾದಿನಿ ಮುಚ್ಚಿದ ಪಾತ್ರೆಯೊಂದನ್ನು ಹಿಡಿದು ಬಂದು ಅಂಗಳದಲ್ಲೇ ನಿಂತಳು. ಸತ್ತವರಿಗೆ ಇಷ್ಟವಾದದ್ದನ್ನು ಎಡೆ ಇಡುವುದು ನಮ್ಮ ಪದ್ಧತಿ. "ಅತ್ತಿಗೆ, ನೀವು ಸ್ವಲ್ಪ ಹೊರಗೆ ಹೋಗಿ. ಏಡಿ ತಂದಿದೀನಿ. ಅವ್ವಂಗೆ ಏಡಿ ಅಂದ್ರೆ ಪ್ರಾಣ. ನಮ್ಮನೆಗೆ ಬಂದಾಗ್ಲೂ ಮುಟ್ತಿರ್ಲಿಲ್ಲ, ಕೈಗೆ ವಾಸನೆ ಹತ್ತಿದ್ರೆ ಸೊಸೆಗೆ ಆಗಲ್ಲ ಅಂತ." ಬಣವೆಯ ಹಿಂದೆ ನಿಂತು ನಾನು ಅತ್ತೇಬಿಟ್ಟೆ.

ಆಮೇಲೆ ಪ್ರತಿ ಹಬ್ಬಕ್ಕೂ ಏಡಿ ತರುತ್ತಿದ್ದ ನಾದಿನಿಯೂ ಈಗ ಇಲ್ಲ. ಆಸ್ಪತ್ರೆಯಿಂದ ಬರುವಾಗ ಬಸ್ಸಿನಲ್ಲಿ ನನ್ನ ಸೊಸೆ ಹಿರಿಯರ ಹಬ್ಬದ ಮಾತು ತೆಗೆದಳು. "ಅತ್ತೆ, ಈ ಸಲ ಏಡಿ ಬ್ಯಾಡ ಅಲ್ವಾ? ನಿಮಗ್ಯಾಕೆ ತೊಂದ್ರೆ."

"ಮಾಡು" ಎಂದೆ. "ನಾನು ಬೆಳಿಗ್ಗೇನೇ ತವರಿಗೆ ಹೋಗ್ತೀನಿ, ಸಂಜೆ ತನಕ ಬರಲ್ಲ. ನಮ್ಮತ್ತೆ ನಿಧಾನಕ್ಕೆ ಉಣ್ಲಿ."