ಕುಂಬಳ ಹೂವಿನ ಅಂಚು

ಈ ಖುಷಿ ಹೊಟ್ಟಿಯೊಳಗ ಹಿಡಿಯವಲ್ದು, ಅದಕ್ಕ ಬರೀತೇನಿ.

ನನ್ನ ಮೊಮ್ಮಗಳು ಕಬನೂರಿನ ಒಂದು ಮಗ್ಗದ ಕಾರಖಾನಿಯೊಳಗ ಸೀರಿ ಅಂಚಿಗೆ ಚಿತ್ರ ತೆಗೀತಾಳ. ಈ ಸಲ ಕುಬಸದ ಹಸಿರು ಸೀರಿ, ಬಸುರಿಗೆ ಉಡಿ ತುಂಬುವಾಗ ಉಡಿಸೂದು. ಅಂಚಿನ ತುಂಬ ಕುಂಬಳ ಬಳ್ಳಿ. ಅದು ಆಕೀ ಮೊದಲನೇ ಸ್ವಂತ ಚಿತ್ರ. ಕೊಲ್ಲಾಪುರದ ವ್ಯಾಪಾರಿ ಒಪ್ಪಿದರ ನೇಯ್ತಾರ. ಒಲ್ಲೆ ಅಂದರ ಆಕಿ ಮತ್ತ ಮಂದಿ ಚಿತ್ರ ನಕಲು ಮಾಡಕೋತ ಕೂಡಬೇಕು. ನೋಡಾಕಂತ ನಾ ಗಡಹಿಂಗ್ಲಜದಿಂದ ಮುಂಜಾನೆ ಬಸ್ಸಿಗೇ ಹೋಗಿದ್ದೆ.

ವ್ಯಾಪಾರಿಗೆ ತೋರಸಾಕಂತ ಮಗ್ಗದ ಮ್ಯಾಲೆ ಒಂದು ಮೊಳ ನೇಯ್ದು ಬಂದಿತ್ತು. ಎಲ್ಲಾರೂ ಭಾಳ ಚಂದ ಅಂದ್ರು, ನಾನೂ ಅಂದೆ. ಆಮ್ಯಾಲೆ ಕಣ್ಣಿಗೆ ಚಾಳೀಸು ಹಾಕ್ಕೊಂಡು ಬಗ್ಗಿ ನೋಡಿದೆ. ಒಂದು ಹೂವಿನ ಬುಡಕ್ಕೂ ಮಿಡಿಗಾಯಿ ಇಲ್ಲ. ಎಲ್ಲಾ ಉದ್ದ ದಂಟಿನ ಗಂಡು ಹೂ, ಅರಳಿ ಉದುರೂವಂಥವು.

ಚಿತ್ರಕ್ಕಂತ ಆಕಿ ನಮ್ಮ ಹಿತ್ತಲದಿಂದ ಹೂ ಹರಕೊಂಡು ಹೋಗಿದ್ದಳು. ಹೆಣ್ಣು ಹೂ ಹರಿದರ ಕಾಯಿ ಹೋಗತೈತಿ, ಮುಟ್ಟಬ್ಯಾಡ ಅಂತ ಸಣ್ಣಾಕಿ ಇದ್ದಾಗಿಂದ ಬೈದು ಕಲಿಸಿದಾಕಿ ನಾನ.

ಹೇಳಬೇಕೋ ಬಿಡಬೇಕೋ? ವ್ಯಾಪಾರಿ ಹಾತಕಣಂಗಲೆ ದಾಟ್ಯಾನ, ಇನ್ನೇನು ಬಂದ ಅಂತ ಮಾಲಕಗ ಫೋನ್ ಬಂದಿತ್ತು. ಹೇಳಿದರ ಮಗ್ಗ ನಿಲ್ಲತೈತಿ. ಬಿಟ್ಟರ ಬಸುರಿ ಮೈಮ್ಯಾಲೆ ಕಾಯಿ ಕಟ್ಟದ ಬಳ್ಳಿ. ಕುಬಸಕ್ಕ ಬಂದ ಮುದಿಕ್ಯಾರು ಸುಮ್ಮ ಬಿಟ್ಟಾರೇನು? ಆಕೀನ ಮೂಲಿಗೆ ಕರದು ಹೇಳಿಬಿಟ್ಟೆ.

ಆಕೀ ಮಾರಿ ಬೆಳ್ಳಗಾತು. ಮಾಲಕ ಕೇಳಿಸಿಕೊಂಡು, ಈಗ್ಯಾಕ್ರಿ ಅಜ್ಜಿ ಹೊಲದ ಮಾತು ಅಂತ ಗೊಣಗಿದ. ಆಕಿ ಸೀದಾ ಹೋಗಿ ಕಂಪ್ಯೂಟರ ಮುಂದ ಕುಂತಳು. ಗಂಡು ಹೂವೆಲ್ಲಾ ಅಳಿಸು ಅಂದೆ.

"ಗಂಡು ಹೂ ಇಲ್ದ ಮಿಡಿ ಹೆಂಗ ಕಟ್ಟತೈತಿ ಅಜ್ಜಿ? ಸುಮ್ಮ ಕೂಡು."

ಸುಮ್ಮ ಕುಂತೆ. ನಡುನಡುವೆ ಮಿಡಿ ಹೊತ್ತ ಗಿಡ್ಡ ಹೂ ಕೂಡಿಸಿದಳು. ಮಗ್ಗ ಮತ್ತ ಸುರುವಾತು. ಒಂದು ಗೇಣು ನೇಯೂದರಾಗ ವ್ಯಾಪಾರಿ ಬಂದ.

ಆಂವ ನಮಸ್ಕಾರ ಅಂದಾಂವನ ಮಗ್ಗದ ಕಡೆ ಬಗ್ಗಿದ. ಅಂಚಿನ ಮ್ಯಾಲೆ ಬೆರಳು ಎಳಕೋತ ಹ್ವಾದ. ಹಳೇ ಮೊಳ ದಾಟಿ ಹೊಸಾ ಗೇಣಿಗೆ ಬಂದ, ಮಿಡಿ ಮ್ಯಾಲೆ ಬೆರಳು ನಿಂತಿತು. ಮೊಮ್ಮಗಳು ನನ್ನ ಕೈ ಹಿಡಿದಿದ್ದಳು, ಉಗುರು ನಟ್ಟಿದ್ದವು.

"ಇಲ್ಲಿಂದ ಮುಂದಿಂದು ನೇಯ್ರಿ," ಅಂದ. "ಹಿಂದಿಂದು ನಮ್ಮವ್ವ ಮನಿಯೊಳಗ ತರಗೊಡತಿದ್ದಿಲ್ಲ."

ಸಂಜಿ ಬಸ್ಸಿನ್ಯಾಗ ಬಾಜೂಕ ಕುಂತ ಹೆಣ್ಣಮಗಳಿಗೆ ಇದನ್ನೆಲ್ಲಾ ಹೇಳಕೋತ ಬಂದೆ. ಆಕಿ ಏನೂ ಕೇಳಿದ್ದಿಲ್ಲ, ನಾನ ಹೇಳಿದ್ದು. ಪಾಪ, ನಿಪ್ಪಾಣಿಗೆ ಇಳಿಯೂದಿತ್ತಂತ. ನನ್ನ ಮಾತಿನ್ಯಾಗ ಮರತು ಮುಂದ ಸಂಕೇಶ್ವರದ ತನಕ ಬಂದಿದ್ದಳು.